ಕಟ್ಟಿನ ಸಾರಿನ ಪುಟ

ಅಂತರ್ಜಾಲದಲ್ಲಿ ವಾಸನೆಯೂ ಹರಿಯತೊಡಗಿ ಇಪ್ಪತ್ತು ವರ್ಷಗಳಾಗಿದ್ದವು. ಗದಗಿನ ಗುರುಸಿದ್ಧನಿಗೆ ರಜೆಯ ದಿನ ಒಂದೇ ಹುಚ್ಚು. ತಾನೇ ಜೋಡಿಸಿದ ಕಂಪ್ಯೂಟರಿನಲ್ಲಿ, ಯಾರೂ ನೋಡದ ಹಳೆಯ ಪುಟಗಳನ್ನು ತೆರೆದು ಕಣ್ಣು ಮುಚ್ಚಿ ಮೂಸುತ್ತಿದ್ದ.

ಒಂದು ಮಧ್ಯಾಹ್ನ ಹಾಗೆ ಕಟ್ಟಿನ ಸಾರಿನ ಘಮ ಸಿಕ್ಕಿತು. ಮಾಡುವ ವಿಧಾನ ಇರಲಿಲ್ಲ. ಕೆಳಗೆ ಶಾಂಭವಿ ಎಂಬವಳ ಕೋರಿಕೆಯಿತ್ತು: "ಇದು ನಮ್ಮವ್ವ ಮಾಡಿದ್ದ ಸಾರು. ಅವ್ವ ಈಗಿಲ್ಲ. ಏನು ಹಾಕ್ತಿದ್ಲು ಅಂತ ಯಾರಿಗಾದ್ರೂ ತಿಳಿದ್ರ ಹೇಳ್ರಿ."

ಗುರುಸಿದ್ಧ ಒಲೆ ಹಚ್ಚಿದ. ನಾಲ್ಕು ವಾರ ಮತ್ತೆ ಮತ್ತೆ ಮಾಡಿ ನೋಡಿದರೂ ಆ ಘಮ ಬರಲಿಲ್ಲ. ಕಡೆಗೆ ಹೆಂಡತಿ ನೀಲವ್ವ ಪರದೆಯ ಹತ್ತಿರ ಮೂಗು ಒಯ್ದು, "ಕೊಬ್ಬರಿ ಹುರಿದಿಲ್ಲರೀ, ಬೆಂಕ್ಯಾಗ ಸುಟ್ಟಾಳ," ಎಂದಳು.

ಕೊಬ್ಬರಿ ಸುಟ್ಟು ಅರೆದು ಹಾಕಿದಾಗ ಪರದೆಯ ಘಮವೂ ಪಾತ್ರೆಯ ಘಮವೂ ಒಂದಾದವು. ಅವನು ಕೂಡಲೇ ಶಾಂಭವಿಗೆ ಬರೆದ.

ನಾಲ್ಕನೆಯ ದಿನ ಅವಳಿಂದ ಒಂದಕ್ಷರವೂ ಇಲ್ಲದ ಪತ್ರ ಬಂತು. ತೆರೆದೊಡನೆ ಆಗಷ್ಟೇ ಕುದಿದ ಸಾರಿನ ಘಮ ಕೋಣೆ ತುಂಬಿತು. ಅದರ ಜೊತೆಗೇ, ಎಳೆಯ ಮಗುವಿನ ತಲೆಗೆ ಹಚ್ಚಿದ ಎಣ್ಣೆಯ ವಾಸನೆಯೂ ಮೆಲ್ಲಗೆ ತೇಲಿ ಬಂತು.

"ಅಕಿ ತನ್ನ ಕೂಸಿನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ಉಣಸಾಕತ್ತಾಳ ನೋಡ್ರಿ," ಎಂದಳು ನೀಲವ್ವ.