ವಾಗ್ದಾನದ ಚೀಟಿ

ವಾಗ್ದಾನದ ತಟ್ಟೆ ಶಾಂತಶೀಲಮ್ಮನ ಬೆಂಚಿಗೆ ಬಂತು. ಹೊಸವರ್ಷದ ಬೆಳಗಿನ ಆರಾಧನೆ ಮುಗಿದೊಡನೆ ಅರಸೀಕೆರೆಯ ಆ ಚರ್ಚಿನಲ್ಲಿ ಎಲ್ಲರೂ ಕಣ್ಣುಮುಚ್ಚಿ ಒಂದೊಂದು ಚೀಟಿ ತೆಗೆಯುವುದು ವಾಡಿಕೆ. ಅದರಲ್ಲಿರುವ ಮಾತನ್ನು ಆ ವರ್ಷಕ್ಕೆ ದೇವರು ತನಗೆಂದೇ ಕೊಟ್ಟದ್ದೆಂದು ಪ್ರತಿಯೊಬ್ಬರೂ ನಂಬುತ್ತಿದ್ದರು. ಅಕ್ಟೋಬರಿನಲ್ಲಿ ಗಂಡನನ್ನು ಮಣ್ಣಿಗೆ ಒಪ್ಪಿಸಿ ಬಂದಿದ್ದ ಶಾಂತಶೀಲಮ್ಮನಿಗೆ ಬೇಕಾಗಿದ್ದುದು ಒಂದೇ ಮಾತು: ನಾನು ಜೊತೆಗಿದ್ದೇನೆ ಎಂಬುದು. ಸಿಕ್ಕಿದ್ದು ಬೇರೆ: ‘ನಿನ್ನ ಕಣಜಗಳು ತುಂಬಿ ತುಳುಕುವುವು.’ ನಿವೃತ್ತ ಶಿಕ್ಷಕಿಯ ಮನೆಯಲ್ಲಿದ್ದುದು ಅಕ್ಕಿಯ ಒಂದು ಡಬ್ಬ.

“ಟೀಚರಮ್ಮ, ನಂದೂ ಒಸಿ ಓದೇಳಿ” ಎಂದು ಪಕ್ಕದ ಮಾದಮ್ಮ ಚೀಟಿ ನೀಡಿದಳು. ಕಣಕಟ್ಟೆಯ ಕಡೆಯವಳು, ಓದು ಬಾರದವಳು, ದೀಕ್ಷಾಸ್ನಾನವಾಗಿ ಎರಡು ವರ್ಷ ತುಂಬದವಳು. ಗರ್ಭಕೋಶದ ಆಪರೇಷನ್ನಿಗೆಂದು ಅಂದೇ ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹೊರಡುವವಳಿದ್ದಳು, ಒಬ್ಬಳೇ.

ಅವಳ ಚೀಟಿಯಲ್ಲಿತ್ತು: ‘ಒಂದು ದಿನವೂ ನಾನು ನಿನ್ನನ್ನು ಅಗಲೆನು.’

ಮೂರು ತಲೆಮಾರು ಈ ಬೆಂಚನ್ನು ಸವೆಸಿದವರು ನಾವು. ನಿನ್ನೆ ಬಂದವಳ ಬೆರಳಿಗೆ ದೇವರು ಸಿಕ್ಕಿಬಿಡುವುದೆ? ಒಳಗೆ ಹೊತ್ತಿಕೊಂಡದ್ದು ದುಃಖವೆಂದೇ ಶಾಂತಶೀಲಮ್ಮ ಒಂದು ಗಳಿಗೆ ತನ್ನನ್ನು ನಂಬಿಸಿಕೊಂಡಳು. ಆಮೇಲೆ ತನ್ನ ಚೀಟಿಯನ್ನು ಅವಳದರ ಮೇಲಿಟ್ಟು, ತರಗತಿಯಲ್ಲಿ ಪಾಠ ಓದುವಷ್ಟು ಸ್ಪಷ್ಟವಾಗಿ ಕಣಜದ ಮಾತನ್ನು ಓದಿ, ಅದನ್ನೇ ಮಡಿಸಿ ಮಾದಮ್ಮನ ಅಂಗೈಗಿಟ್ಟಳು.

ಮಾದಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. “ಸೇರು ರಾಗಿಗೆ ಗತಿಯಿಲ್ದೋಳ್ಗೆ ಕಣಜ! ದೇವ್ರು ಅವ್ನಲ್ಲ, ಆವಯ್ಯಂಗೂ ತಮಾಸೆ. ನಿಮ್ಗೇನ್ ಬಂತು?”

“ಜೊತೇಲೇ ಇರ್ತೀನಿ ಅಂತ.”

“ಅದ್ನೂ ಬರೆದ್ಕೊಡ್ಬೇಕಾ? ಮನೇಲಿರೋ ಗಂಡ, ನಾನಿವ್ನಿ ಕಣೇ ಅಂತ ದಿನಾ ಚೀಟಿ ಕೊಡ್ತಾನಾ?” ಎಂದವಳು, ಶಾಂತಶೀಲಮ್ಮನ ಬರಿಗೊರಳು ಕಂಡು ನಾಲಿಗೆ ಕಚ್ಚಿಕೊಂಡಳು. “ತಪ್ಪಾಯ್ತು ಕಣ್ರವ್ವ.”

ಕದ್ದ ಚೀಟಿ ಪರ್ಸಿನಲ್ಲಿತ್ತು. ಮನೆಗೆ ಬಂದು ಮೂರು ಸಲ ಓದಿದರೂ ಅದು ಬರಿಯ ಅಚ್ಚಿನ ಅಕ್ಷರವಾಗಿಯೇ ಉಳಿಯಿತು. ಹನ್ನೆರಡರ ಬಿಸಿಲಿನಲ್ಲಿ ಶಾಂತಶೀಲಮ್ಮ ಬಸ್‌ಸ್ಟ್ಯಾಂಡಿಗೆ ನಡೆದಳು.

ಹಾಸನದ ಬಸ್ಸು ಅರ್ಧ ಖಾಲಿಯಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಮಾದಮ್ಮ ಕಿಟಕಿಗೆ ಒತ್ತಿಕೊಂಡು ಕೂತಿದ್ದಳು. ಬಟ್ಟೆಯ ಗಂಟನ್ನು ಸಹ ಪಕ್ಕಕ್ಕಿಡದೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದ ಖಾಲಿ ಜಾಗದ ಮೇಲೆ, ಯಾರದೋ ಕೈಯನ್ನು ಮುಚ್ಚಿ ಹಿಡಿದಂತೆ, ಅವಳ ಅಂಗೈ. ಅವಳ ತುಟಿ ಮೆಲ್ಲಗೆ ಆಡುತ್ತಿತ್ತು. ಆ ಖಾಲಿ ಜಾಗವನ್ನು ಕಂಡು ಶಾಂತಶೀಲಮ್ಮನಿಗೆ ಬೆಳಿಗ್ಗೆಗಿಂತ ಹೆಚ್ಚು ಉರಿಯಿತು. ಪ್ರೀತಿಸಿದ ಗಂಡನ ಪಕ್ಕದಲ್ಲಿ ಇನ್ನೊಬ್ಬಳನ್ನು ಕಂಡಂಥ ಉರಿ.

“ಭಯ ಆಗಲ್ವೇನೇ?” ಕಿಟಕಿಯ ಹೊರಗೆ ನಿಂತು ಕೇಳಿದ ಅವಳ ದನಿ ಒರಟಾಗಿತ್ತು.

“ಆಯ್ತದೆ. ಅದ್ಕೇ ಆವಯ್ಯನ್ ಜೊತೆ ಮಾತಾಡ್ತಾ ಕುಂತಿವ್ನಿ.”

ಶಾಂತಶೀಲಮ್ಮ ಕಿಟಕಿಯ ಸರಳಿನ ನಡುವೆ ಚೀಟಿಯನ್ನು ಚಾಚಿದಳು. “ಇದು ನಿಂದು ಕಣೇ. ಹೊಟ್ಟೆಕಿಚ್ಚಿಗೆ ಬದಲಾಯಿಸಿಬಿಟ್ಟೆ. ಜೊತೆಗಿರ್ತೀನಿ ಅಂದದ್ದು ನಿನಗೆ.”

ಮಾದಮ್ಮ ಚೀಟಿಯನ್ನು ಮುಟ್ಟಲಿಲ್ಲ. ಡ್ರೈವರು ಎಂಜಿನ್ ಶುರುಮಾಡಿದ. ಅವಳು ಆ ಖಾಲಿ ಜಾಗದ ಮೇಲಿಂದ ಅಂಗೈ ಎತ್ತಿದಳು.

“ಹತ್ಕಳಿ ಬಿರ್ನೆ. ಆವಯ್ಯ ಒಸಿ ಜರುಗ್ತಾನೆ.”