ತಲೆ ಎಣಿಕೆ

ಪಂಢರಿನಾಥ ಮತ್ತೆ ಅವನನ್ನೇ ನೋಡುತ್ತಿದ್ದ.

ಶಿವರಾಜ ತಟ್ಟೆಯ ಮೇಲೆ ಇನ್ನಷ್ಟು ಬಾಗಿದ. ಎಡಗೈ ತಾನಾಗಿಯೇ ತಟ್ಟೆಯನ್ನು ಸುತ್ತುವರಿದಿತ್ತು. ಛೇ, ಈ ಹಾಳು ಕೈ! ಎಷ್ಟು ಹೇಳಿದರೂ ಕೇಳುವುದಿಲ್ಲ. ಅದನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡ.

"ಸಾವಕಾಶ ಉಣ್ಣೋ ತಮ್ಮಾ," ಎಂದ ಫೋರ್ಮನ್ ಪಂಢರಿನಾಥ, ಗೋಡೆಗೆ ಬೆನ್ನು ಹಚ್ಚಿ ಕೂತಲ್ಲಿಂದಲೇ. "ಇಲ್ಲಿ ಯಾರೂ ಕಸಗೊಳ್ಳೂದಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಶಿವರಾಜನಿಗೆ ಭಯವಾದದ್ದೇ ಅದಕ್ಕೆ. ಎಲ್ಲ ಗೊತ್ತಿದ್ದವರು ಹೀಗೆ ಮೆಲ್ಲಗೆ ಮಾತಾಡುತ್ತಾರೆ. ನಿನ್ನೆಯೂ ಹಾಗೇ ಆಗಿತ್ತು. ಸ್ಟೋರಿನ ಬಾಗಿಲ ಮುಂದೆ ಶಿವರಾಜ ಸುಮ್ಮನೆ ನಿಂತುಬಿಟ್ಟಿದ್ದ, ಯಾರಾದರೂ ಬಂದು ತೆರೆಯಲಿ ಎಂಬಂತೆ. ಹಿಂದಿನಿಂದ ಅದೇ ದನಿ ಬಂತು: "ನೂಕು. ಅದು ಬರೇ ಬಾಗ್ಲ ಅದ."

ಭೋಸರಿಯ ಆ ಶೆಡ್ಡಿನಲ್ಲಿ ಲಾರಿಗಳಿಗೆ ಬೇಕಾದ ಕಬ್ಬಿಣದ ಬ್ರಾಕೆಟ್ ತಯಾರಾಗುತ್ತಿದ್ದವು. ಶಿವರಾಜ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ತಾನು ಜೈಲಿನಿಂದ ಬಂದವನೆಂದು ಯಾರಿಗೂ ಹೇಳಿರಲಿಲ್ಲ. ಕುಡಿದ ಅಮಲಿನ ಜಗಳ, ಕೈಗೆ ಸಿಕ್ಕ ರಾಡು. ಪೆಟ್ಟು ತಿಂದವನು ಬದುಕಿಕೊಂಡ. ಹೊಡೆದವನ ಹರೆಯ ಒಳಗೇ ಕಳೆಯಿತು. ಹೊರಬಂದ ಮೇಲೆ ನಿಜ ಹೇಳಿದಲ್ಲೆಲ್ಲ ಗೇಟಿನಿಂದಲೇ ವಾಪಸು ಕಳಿಸಿದ್ದರು.

ಇಲ್ಲಿಗೆ ಬರುವ ಮೊದಲು ಚಾಕಣದ ಒಂದು ಕಾರ್ಖಾನೆಯಲ್ಲಿ ನಿಜ ಮುಚ್ಚಿಟ್ಟು ಸೇರಿಕೊಂಡಿದ್ದ. ಅಲ್ಲಿ ಒಂದು ಮುಂಜಾನೆ ವಾಚಮನ್ ಎಲ್ಲರನ್ನೂ ಎಣಿಸಬೇಕೆಂದು ಸಾಲಿಗೆ ಕರೆದ. ಎಲ್ಲರೂ ನಿಂತರು. ಶಿವರಾಜ ಮಾತ್ರ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ, ತಲೆ ಬಗ್ಗಿಸಿ, ಕೈಗಳನ್ನು ಮೊಣಕಾಲ ಮೇಲಿಟ್ಟು. ಜೈಲಿನಲ್ಲಿ ಗಂಟೆ ಬಡಿದರೆ ಕೈದಿಗಳು ಹೀಗೇ ಇಬ್ಬಿಬ್ಬರಾಗಿ ಜೋಡಿಯಲ್ಲಿ ಕೂರಬೇಕು, ಎಣಿಸುವವರಿಗೆ ಸುಲಭ. ಮೈಗಂಟಿದ ರೂಢಿ, ತಲೆಯನ್ನು ಕೇಳದೆ ತನ್ನ ಕೆಲಸ ಮಾಡಿತ್ತು. ವಾಚಮನ್ನನ ಭಾವ ಜೈಲಿನ ಕಾವಲುಗಾರ! ಮರುದಿನ ಶಿವರಾಜನನ್ನು ಒಳಗೆ ಬಿಡಲಿಲ್ಲ.

ಅಂದು ನಿಗಡಿಯ ಬಾಡಿಗೆ ಕೋಣೆಯಲ್ಲಿ ಹೆಂಡತಿ ಮಾಧುರಿ ಅಳಲಿಲ್ಲ, ಕೂಗಾಡಲಿಲ್ಲ. "ನಮ್ಮ ಪೂರ್ವಾಗ ಸಾಲ್ಯಾಗ ಕೈದಿ ಮಗಳು ಅಂತಾರ್ರಿ. ಎಷ್ಟ ಸಲ ಮನಿ ಬದಲಿ ಮಾಡೂದು? ಇನ್ನೊಮ್ಮೆ ಹಿಂಗಾತಂದ್ರ ನಾ ಮಗಳನ್ನ ಕರಕೊಂಡು ಅಣ್ಣನ ಕಡೆ ಹೋಗ್ತೀನಿ," ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಈ ಕೆಲಸ ಕೊಟ್ಟವಳು ಮಾಲಕಿ ಕೃಷ್ಣಾಬಾಯಿ. ಬಾಗಿಲೇ ಕೂಡಿಸದ ಕೋಣೆಯಲ್ಲಿ ಕೂತು, ಕನ್ನಡಕದ ಮೇಲಿಂದ ಅವನನ್ನು ಅಳೆದಿದ್ದಳು. ಊರು ಕೇಳಲಿಲ್ಲ. ಹಿಂದೆ ಎಲ್ಲಿದ್ದೆ ಎಂದೂ ಕೇಳಲಿಲ್ಲ.

"ದೀಪ ಉರೀತಿದ್ರ ನಿದ್ದಿ ಬರ್ತದೇನೋ?"

"ಆರಿಸಿದ್ರನ ಬರೂದಿಲ್ರಿ," ಬಾಯಿ ಜಾರಿತ್ತು; ಜೈಲಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿತ್ತು.

"ನಾಳಿಂದ ಬಾ."

ರಾತ್ರಿ ಪಾಳಿಗೆ ಕೇಳಿದ್ದಾಳೆ ಎಂದುಕೊಂಡ. ಸೇರಿದ ಮೇಲೆ ನೋಡಿದರೆ ಅಲ್ಲಿ ರಾತ್ರಿ ಪಾಳಿಯೇ ಇರಲಿಲ್ಲ. ಹಾಗಾದರೆ ಯಾಕೆ ಕೇಳಿದಳು? ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ.

ಊಟ ಮುಗಿಯುವ ಹೊತ್ತಿಗೆ ದೊಡ್ಡ ಕಂಪನಿಯಿಂದ ತಪಾಸಣೆಗೆ ಮಿಥುನ ಬಂದ. ಬೆಂಗಳೂರಿನ ಹುಡುಗ, ಪಟಪಟ ಮಾತು. ಅವನು ಒಪ್ಪಿದರಷ್ಟೇ ಶೆಡ್ಡಿಗೆ ಮುಂದಿನ ಆರ್ಡರು.

"ಒಂದು ಫೈರ್ ಡ್ರಿಲ್ ಮಾಡ್ಬಿಡೋಣ ಮೇಡಂ. ಬೆಂಕಿ ಬಿದ್ರೆ ಎಲ್ರೂ ಹೊರಗೆ ಬಂದ್ರಾ ಅಂತ ಕೌಂಟ್ ಮಾಡ್ಬೇಕು. ಸೈರನ್ ಹಾಕ್ಸಿ."

ಎಣಿಕೆ! ಶಿವರಾಜ ಕೈಯ ತುತ್ತನ್ನು ತಟ್ಟೆಗೇ ಬಿಟ್ಟ.

ಕೃಷ್ಣಾಬಾಯಿಯ ಮುಖ ಬಿಳಿಚಿಕೊಂಡಿತು. "ಇವತ್ತ ಬೇಕೇನ್ರಿ ಅದು?"

"ಇವತ್ತೇ ಮೇಡಂ. ರೂಲ್ ಅದು."

ಪಾಪ, ಆರ್ಡರಿನ ಚಿಂತೆ, ಎಂದುಕೊಂಡ ಶಿವರಾಜ. ಅವನ ಚಿಂತೆ ಅವನ ಮಂಡಿಗಳದ್ದಾಗಿತ್ತು. ನಿಲ್ಲಬೇಕು. ಏನೇ ಆಗಲಿ, ನಿಂತೇ ಇರಬೇಕು. ಪ್ರೆಸ್ಸಿನ ಮುಂದೆ ಹೋಗಿ ಮನಸ್ಸಿನಲ್ಲೇ ಮಂಡಿಗಳ ಕಾಲು ಹಿಡಿದ. ಸೈರನ್ ಆದರೆ ಹೇಗೋ ತಡೆದುಕೊಂಡೇನು. ಜೈಲಿನಲ್ಲಿ ಇದ್ದದ್ದು ಗಂಟೆ, ಸೈರನ್ ಅಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

"ಅಯ್ಯೋ! ಸರಿ ಬಿಡಿ, ಇದನ್ನೇ ಬಾರಿಸ್ತೀನಿ," ಎಂದ ಮಿಥುನ. ಅಂಗಳದಲ್ಲಿ ಸರಪಳಿಗೆ ತೂಗುತ್ತಿದ್ದ ಕಬ್ಬಿಣದ ತೊಲೆಗೆ ಸುತ್ತಿಗೆಯಿಂದ ಹೊಡೆದ.

ಠಣ್. ಠಣ್. ಠಣ್.

ಜೈಲಿನದೇ ಗಂಟೆ. ಎಲ್ಲರೂ ಓಡಿದರು. ಶಿವರಾಜನೂ ಓಡಿದ, ಎಲ್ಲರ ಹಿಂದೆ, ನೆಲ ಬಿಟ್ಟು ಬೇರೇನನ್ನೂ ನೋಡದೆ. ನಿಲ್ಲು. ನಿಲ್ಲು. ನಿಲ್ಲು.

"ಲೈನಲ್ಲಿ ಬನ್ನಿ! ಎಣಿಸ್ಬೇಕು!"

ಮಂಡಿ ಮಡಚಿಕೊಂಡಿತು. ಕೂತುಬಿಟ್ಟ.

ಮುಗಿಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿದ. ಸ್ವಾರಗೇಟಿನಲ್ಲಿ ಊರಿಗೆ ಹೊರಟು ನಿಂತ ಬಸ್ಸು ಕಂಡಿತು. ಅದರ ಕಿಟಕಿಯಲ್ಲಿ ಮಾಧುರಿ, ತೊಡೆಯ ಮೇಲೆ ಶಾಲೆಯ ಚೀಲ ಹಿಡಿದ ಪೂರ್ವಾ. ಏಳಬೇಕೆಂದರೂ ಕಾಲು ಏಳಲೊಲ್ಲವು. ಈಗ ಯಾರಾದರೂ ನಗುತ್ತಾರೆ. ಈಗ ಪಂಢರಿನಾಥ ಬೆರಳು ಮಾಡಿ ತೋರಿಸುತ್ತಾನೆ.

ಯಾರೂ ನಗಲಿಲ್ಲ.

"ಅರೆ! ಕೂತ್ಕೊಳ್ಳಿ ಅಂತ ನಾನು ಹೇಳ್ಲೇ ಇಲ್ವಲ್ಲ," ಮಿಥುನನ ದನಿ ತೊದಲಿತು. "ಯಾರು ಹೇಳಿದ್ದು ನಿಮಗೆಲ್ಲಾ?"

ನಿಮಗೆಲ್ಲಾ?

ಶಿವರಾಜ ಕಣ್ಣು ತೆರೆದ. ಎದುರಿಗೇ ಪಂಢರಿನಾಥನ ಬಗ್ಗಿದ ಕುತ್ತಿಗೆ. ಅದರಾಚೆ ಡ್ರಿಲ್ಲಿನವರು, ವೆಲ್ಡಿಂಗಿನವರು, ಪ್ಯಾಕಿಂಗಿನವರು. ಇಡೀ ಶೆಡ್ಡು ಜೋಡಿ ಜೋಡಿಯಾಗಿ ಕುಕ್ಕರುಗಾಲಿನಲ್ಲಿ ಕೂತಿತ್ತು, ಕೈಗಳು ಮೊಣಕಾಲ ಮೇಲೆ. ಕೊನೆಯ ಸಾಲಿನಲ್ಲಿ ಶಿವರಾಜನ ಪಕ್ಕದ ಜಾಗವೊಂದೇ ಖಾಲಿ.

ಕೃಷ್ಣಾಬಾಯಿ ಸೀರೆಯ ನೆರಿಗೆ ಒತ್ತಿಕೊಂಡು ಬಂದು, ಆ ಜಾಗದಲ್ಲಿ ಅವನಂತೆಯೇ ಕೂತು, ತಲೆ ಬಗ್ಗಿಸಿ ಹೇಳಿದಳು: "ನನ್ನೂ ಹಿಡದು ಎಣಸ್ರಿ, ಸಾಹೇಬ್ರ."