ಕೊಟ್ಟ ಮಾತು

ಕಡಲಾಚೆಯ ಆ ನಾಡಿನಲ್ಲಿ ಮಾತುಗಳು ಒಂದೊಂದಾಗಿ ಒಣಗುತ್ತಿದ್ದವು. ಅಲ್ಲಿಗೆ ಸೇವೆಗೆ ಹೊರಟವರು ತಮ್ಮ ನಾಲಿಗೆಯಿಂದ ಒಂದು ಮಾತನ್ನು ಮುಂಚೆಯೇ ಕಳಿಸಿಕೊಡುವುದು ವಾಡಿಕೆ. ಊರಿಗೆ ಮರಳಿದ ಮೇಲೆಯೇ ಅದು ಮತ್ತೆ ಬಾಯಿಗೆ ಬರುವುದು. ಮಠದ ಓಣಿಯ ಮಾಸ್ತರರು 'ಉಪ್ಪು' ಕೊಟ್ಟು ಹೋಗಿದ್ದರು. ಅಂಗನವಾಡಿಯ ನೀಲಗಂಗಾ 'ಬಾ' ಕೊಟ್ಟಿದ್ದಳು. ಅಲ್ಲಿಯ ತಾಯಂದಿರಿಗೆ ಮಕ್ಕಳನ್ನು ಕರೆಯಲು ಮಾತೇ ಉಳಿದಿಲ್ಲವೆಂದು ಕೇಳಿ ಅವಳ ಕರುಳು ಚುರ್ರೆಂದಿತ್ತು. 'ಬಾ' ಹೋದ ಬೆನ್ನಿಗೇ 'ಬಂದೆ', 'ಬರ್ತೀನಿ' ಎಲ್ಲವೂ ಹೋಗಿದ್ದವು.

ಹೊರಡುವ ಮುಂಜಾನೆ ದೇವರಿಗೆ ಕೈಮುಗಿದು, ಅಕ್ಕನ ಕಾಲಿಗೆರಗಿ ಎದ್ದಳು.

"ಅಕ್ಕಾ, ಹೋಗಿ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಹೋಗಿ? ಮುಂದ ಹೇಳವಾ!" ಅಕ್ಕ ಗುರುಬಸವ್ವ ಗದರಿದಳು.

"ಅದನ್ನ ಕೊಟ್ಟೀನಲ್ಲ."

"ಅಯ್ಯ ಹುಚ್ಚಿ! ಬದನಿಕಾಯಿ ಕೊಟ್ಟಿದ್ರ ಆಗ್ತಿರಲಿಲ್ಲೇನ? ನಿನಗ ಅದು ಸೇರೂದೂ ಇಲ್ಲ."

ನಗಲು ಹೋದ ಅಕ್ಕ ಹೊಸ್ತಿಲಿನತ್ತ ನೋಡಿದಳು. ಬರಿದೇ 'ಹೋಗ್ತೀನಿ' ಎಂದು ಆ ಮನೆಯ ಹೊಸ್ತಿಲು ದಾಟಿದವರು ಯಾರೂ ಇರಲಿಲ್ಲ.

ನೀಲಗಂಗಾ ಸಮುದ್ರವನ್ನೇ ಕಂಡವಳಲ್ಲ. ಈ ಓಣಿ, ಈ ಬೇವಿನ ನೆರಳು, ಜಡೆ ಹೆಣೆಯುವಾಗಿನ ಅಕ್ಕನ ಬೈಗುಳ, ಎಲ್ಲವೂ ನಿಂತಲ್ಲೇ ದೂರವಾದಂತೆ ಅನಿಸಿತು.

"ಹೆದರಿಕಿ ಆಗ್ತದಕ್ಕ. ಆ ಮಾತಿಲ್ದ ಹೆಂಗ ಹೋಗ್ಲಿ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದು, ದೇವರ ಕೋಣೆಯತ್ತ ತಿರುಗಿ, ಅವಳ ಪಾಲಿನದನ್ನು ತಾನೇ ಗಟ್ಟಿಯಾಗಿ ಹೇಳಿದಳು:

"ಹೋಗಿ ಬರ್ತೀನಪ್ಪಾ, ಶಿವನೇ."